ಗೋಡೌನಿನ ಮಾಳಿಗೆಯಲ್ಲಿ ಮೂವತ್ತೊಂದು ಗಂಟೆ ಕಥೆ ಕೇಳಿದ ಬಗ್ಗೆ

ಇಂದ,
ನಂದನ್ ಕೋಟ್ಯಾನ್, ಸ್ಟೋರ್ ಕೀಪರ್,
ಹಡಗುಗಳಿಗೆ ಅಡುಗೆ ಸಾಮಾನು ಸರಬರಾಜು ವಿಭಾಗ,
ಸಲಾಲಾ (ಊರು ಮೂಲ್ಕಿ)

ಗೆ,
ಮಾನ್ಯ ಮಹಮೂದ್ ಹಾಜಿಯವರು,
ಕಂಪನಿಯ ಮಾಲೀಕರು, ಸಲಾಲಾ

ವಿಷಯ: ಜುಲೈ ತಿಂಗಳಲ್ಲಿ ಹದಿನೆಂಟು ಮಧ್ಯಾಹ್ನ ಗೋಡೌನಿಗೆ ಬೀಗ ಹಾಕಿ ಕಾಣೆಯಾದುದಕ್ಕೆ ಸಮಜಾಯಿಷಿ ಮತ್ತು ಒಂದು ವಿನಂತಿ.

ಉಲ್ಲೇಖ: 1) ಎಚ್.ಆರ್. ವಿಭಾಗದ ಕಾರಣ ಕೇಳುವ ನೋಟೀಸು, ದಿನಾಂಕ 7 ಡಿಸೆಂಬರ್.
2) "ಎಂತಾದ್ರೂ ಒಂದು ಬರೆದು ಕೊಡು ಮಾರಾಯ, ಆ ಮೇಡಂ ನನ್ನ ತಲೆ ತಿಂತಿದ್ದಾರೆ" ಎಂದು ಅದೇ ದಿನ ಮೆಟ್ಟಿಲ ಬಳಿ ತಾವು ನೀಡಿದ ಮೌಖಿಕ ಆದೇಶ.

ಮಾನ್ಯರೇ,

ನೋಟೀಸು ಇಂಗ್ಲಿಷಿನಲ್ಲಿದ್ದರೂ ಉತ್ತರವನ್ನು ಕನ್ನಡದಲ್ಲಿ ಬರೆಯಲಾಗಿದೆ. ಈಜಿಪ್ಟಿನ ಎಚ್.ಆರ್. ಮೇಡಂ ಅವರಿಗೆ ಕನ್ನಡ ಬಾರದಿರುವುದೇ ಇದಕ್ಕೆ ಕಾರಣ. ಅರ್ಜಿದಾರನು ತನ್ನನ್ನು ತಾನು 'ನಾನು' ಎಂದು ಕರೆದುಕೊಳ್ಳುವ ಧೈರ್ಯ ಸಾಲದೆ, ಉದ್ದಕ್ಕೂ 'ಅರ್ಜಿದಾರ' ಎಂದೇ ನಮೂದಿಸಿಕೊಂಡಿದ್ದಾನೆ.

1. ಜೂನ್ ಕೊನೆಯ ವಾರ ಒಂದು ಕಂಟೇನರ್ ಹಡಗು ತನ್ನ ಅಡುಗೆಯವನನ್ನು ಸಲಾಲಾದಲ್ಲಿ ಇಳಿಸಿ ಹೋಯಿತು. ಹೆಸರು ತೆಬಾವು, ವಯಸ್ಸು ಅರವತ್ತನಾಲ್ಕು. ಊರು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪ. ಅಲ್ಲಿನ ಭಾಷೆ ಆಡುವವರು ಒಟ್ಟು ನಾನೂರು ಮಂದಿ. ಆತನ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಮಸ್ಕತ್ತಿನಲ್ಲಿ ಆಪರೇಷನ್ನಿಗೆ ದಿನ ಸಿಗುವವರೆಗೆ ನಮ್ಮ ಗೋಡೌನಿನ ಮಾಳಿಗೆಯ ರೂಮಿನಲ್ಲಿ ಇರಿಸುವುದೆಂದೂ, ಊಟ ತಲುಪಿಸುವ ಹೊಣೆ ಅರ್ಜಿದಾರನದೆಂದೂ ತಾವೇ ಅಪ್ಪಣೆ ಕೊಡಿಸಿದ್ದಿರಿ. ಆದ್ದರಿಂದ ಮೂಲ ತಪ್ಪಿನಲ್ಲಿ ತಮ್ಮ ಪಾಲೂ ಸ್ವಲ್ಪ ಇದೆ.

2. ಮೂರನೇ ದಿನ ಮೈಕಲ್ ಎಂಬವರು ಹಡಗಿನವರಿಂದ ನಂಬರು ಪಡೆದು ಫೋನ್ ಮಾಡಿದರು. ಅವರು ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಆ ದ್ವೀಪದ ಭಾಷೆಯನ್ನು ದಾಖಲು ಮಾಡುತ್ತಿರುವವರು. ದ್ವೀಪದ ದೊಡ್ಡ ಕಥೆ ಮೊದಲಿಂದ ಕೊನೆಯವರೆಗೆ ಬರುವುದು ತೆಬಾವು ಒಬ್ಬನಿಗೇ ಅಂತೆ. ಆತ ವರ್ಷಕ್ಕೆ ಹನ್ನೊಂದು ತಿಂಗಳು ಸಮುದ್ರದ ಮೇಲೆಯೇ ಇರುವುದರಿಂದ, ಆರು ವರ್ಷ ಹುಡುಕಿದರೂ ಇವರ ಕೈಗೆ ಸಿಕ್ಕಿರಲಿಲ್ಲವಂತೆ. "ಈ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ನಾನು ವೀಸಾ ಮಾಡಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನೀವು ಮೇಜಿನ ಮೇಲೆ ಫೋನ್ ಇಟ್ಟು ರೆಕಾರ್ಡ್ ಒತ್ತಿದರೆ ಸಾಕು" ಎಂದರು. ಒತ್ತುವ ಕೆಲಸ ತನ್ನ ವಿದ್ಯಾರ್ಹತೆಗೆ ಮೀರಿದ್ದಲ್ಲವೆಂದು ಅರ್ಜಿದಾರನು ಒಪ್ಪಿದನು.

3. ಆದರೆ ತೆಬಾವು ಫೋನಿನ ಮುಖ ನೋಡಿ ಬಾಯಿ ಮುಚ್ಚಿಕೊಂಡನು. ಅವರ ಕಡೆ ಯಂತ್ರಕ್ಕೆ ಕಥೆ ಹೇಳುವ ಕ್ರಮವಿಲ್ಲ. ಎದುರಿಗೆ ಒಬ್ಬ ಕೂತು ಪ್ರತಿ ಮಾತಿಗೂ ಹೂಂಗುಡಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಹಡಗಿನ ಹರಕು ಇಂಗ್ಲಿಷಿನಲ್ಲಿ ಆತ ಇಷ್ಟನ್ನು ವಿವರಿಸಿದ ಮೇಲೆ ಅರ್ಜಿದಾರನು ಚಕ್ಕಳಮಕ್ಕಳ ಹಾಕಿ ಕೂತನು. ಭಾಷೆಯ ಗಂಧಗಾಳಿ ಇಲ್ಲದ ಕಾರಣ, ಪ್ರತಿ ಮಾತಿಗೂ ತುಳುವಿನಲ್ಲಿ "ಅಂದ್" ಎನ್ನತೊಡಗಿದನು. ಹೌದು ಎಂಬುದಕ್ಕೆ ನಾವು ಅನ್ನುವ ಅಂದ್, ನಮ್ಮೂರ ಕಡೆಯವರೇ ಆದ ತಮಗೆ ಗೊತ್ತೇ ಇದೆ.

4. ಹೀಗೆ ದಿನವೂ ಒಂದು ಗಂಟೆಗೆ ಬೀಗ ಹಾಕಿ ಮೇಲೆ ಹೋದ ಅರ್ಜಿದಾರನು ಊಟದ ಬಿಡುವು ಮುಗಿದು ಮೂರಕ್ಕೆ ಇಳಿಯಬೇಕಾದವನು ನಾಲ್ಕಕ್ಕೆ ಇಳಿಯುತ್ತಿದ್ದನು. ಊಟ, ವಿಶ್ರಾಂತಿ ಕಳೆದರೆ ಕಥೆ ಕೇಳಿದ್ದು ಒಟ್ಟು ಮೂವತ್ತೊಂದು ಗಂಟೆ. ತೆಬಾವುವಿನ ಸ್ವರ ದಿನಕ್ಕಿಷ್ಟು ಒಡೆಯುತ್ತಿತ್ತು. ಆರನೇ ದಿನ ಅರ್ಜಿದಾರನು ಹೆದರಿ ಹೇಳಿದನು: "ಡಾಕ್ಟರ್ ಮಾತು ಕಡಿಮೆ ಮಾಡಿ ಅಂದಿದ್ದಾರಲ್ಲ ಅಂಕಲ್, ಸಾಕು ಮಾಡುವಾ."

ತೆಬಾವು ಬಿಸಿನೀರು ಗುಟುಕರಿಸಿ ಹೇಳಿದನು: "ಹೇಗಿದ್ದರೂ ಕೊಯ್ದು ಬಿಸಾಡುವ ಸ್ವರ. ಉಳಿತಾಯ ಮಾಡಿ ಯಾರಿಗೆ ಕೊಡಲಿ? ನೀನು ಕೂತುಕೋ."

ಅರ್ಜಿದಾರನು ಕೂತನು. ಅದಾದ ಮೇಲೆ ಗಡಿಯಾರ ನೋಡಲು ಅವನಿಗೆ ಮನಸ್ಸಾಗಲಿಲ್ಲ.

5. ನೋಟೀಸಿನಲ್ಲಿ ಹೇಳಿರುವ ಮೊಟ್ಟೆಯ ಪ್ರಕರಣವು ಇದೇ ಅವಧಿಯದು. ಅರವತ್ತು ಟ್ರೇ ಮೊಟ್ಟೆ ಹೊತ್ತ ಪಿಕಪ್ ಗೋಡೌನಿನ ಬಾಗಿಲಲ್ಲಿ ಎರಡು ಗಂಟೆ ನಿಂತದ್ದು ನಿಜ. ಕೀಲಿಕೈ ಅರ್ಜಿದಾರನ ಜೇಬಿನಲ್ಲಿದ್ದುದೂ ನಿಜ. ಡ್ರೈವರ್ ಹಕೀಂ ಕೆಳಗಿನಿಂದ "ಯಲ್ಲಾ ನಂದನ್, ಯಲ್ಲಾ!" ಎಂದು ಬೇಗ ಬರಲು ಕೂಗಿದ್ದು ಆರನೇ ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಇಲ್ಲಿನ ಮಳೆಗಾಲವಾದ ಖರೀಫಿನ ಜಡಿಮಳೆ ಹಿಡಿದಿದ್ದ ಕಾರಣ ಮೊಟ್ಟೆ ಕೆಡಲಿಲ್ಲ, ನೆನೆದವು ಅಷ್ಟೆ.

6. ಈ ನಡುವೆ, ಕಳಿಸಿದ ರೆಕಾರ್ಡಿಂಗ್ ಕೇಳಿದ ಮೈಕಲ್ ಅವರಿಂದ ಒಂದು ಸಂದೇಶ ಬಂತು: "ದಯವಿಟ್ಟು ಮುದುಕನನ್ನು 'ಆಮೇಲೆ? ಆಮೇಲೆ?' ಎಂದು ಅವಸರಪಡಿಸಬೇಡಿ." ಅರ್ಜಿದಾರನಿಗೆ ತಲೆಬುಡ ತಿಳಿಯಲಿಲ್ಲ. ಮನೆಯಲ್ಲಿ ರೆಕಾರ್ಡಿಂಗ್ ಹಾಕಿ ಕೇಳುತ್ತಿದ್ದಾಗ ಮಗಳು ನಿಶ್ಮಿತಾ ಪುಸ್ತಕದಿಂದ ತಲೆ ಎತ್ತಿ, "ಪಪ್ಪಾ, ವೈ ಆರ್ ಯು ಸೇಯಿಂಗ್ 'ಆ್ಯಂಡ್, ಆ್ಯಂಡ್'?" ಎಂದು ಕೇಳಿದಳು. ಆಗ ಬೆಳಕು ಹರಿಯಿತು. ಮರುದಿನ ವಿಚಾರಿಸಲಾಗಿ, ತೆಬಾವು ಕೂಡ ಅದನ್ನು ಇಂಗ್ಲಿಷ್ ಎಂದೇ ತಿಳಿದಿದ್ದನು. ಮೊದಲ ದಿನ ಒಂದು ಸಣ್ಣ ಮೀನಿನ ಕಥೆ ಹೇಳಿ ಮುಗಿಸೋಣವೆಂದಿದ್ದನಂತೆ. "ನೀನು ಮತ್ತೆ ಏನಾಯಿತು, ಮತ್ತೆ ಏನಾಯಿತು ಎಂದು ಬಿಡದೆ ಕೇಳಿದೆ. ಇಷ್ಟು ಆಸೆಯಿಂದ ಕೇಳುವವನನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಅದಕ್ಕೇ ದೊಡ್ಡ ಕಥೆ ತೆಗೆದೆ" ಎಂದನು. ಅರ್ಜಿದಾರನು ತನ್ನ ಜೀವಮಾನದಲ್ಲಿ ಮಾಡಿದ ಏಕೈಕ ಸಾಧನೆಯು ಹೀಗೆ ಅಚಾತುರ್ಯದಿಂದ ಆದದ್ದೆಂದು ಈ ಮೂಲಕ ಒಪ್ಪಿಕೊಂಡಿದ್ದಾನೆ.

7. ಹನ್ನೆರಡನೇ ಮಧ್ಯಾಹ್ನ ತಾವು ಅರ್ಜಿದಾರನನ್ನು ಕೈಯಾರೆ ಹಿಡಿಯಲೆಂದು ಮೆಟ್ಟಿಲು ಹತ್ತಿ ಬಂದಿರಿ. "ಕೆಳಗೆ ಸ್ಟೋರ್ ಬಂದ್ ಮಾಡಿ ಇಲ್ಲಿ ಎಂತ ಮಾಡ್ತಿದ್ದಿ ನೀನು?" ಎಂದು ಕೇಳಿದಿರಿ. ತೆಬಾವು ನಿಲ್ಲಿಸಲಿಲ್ಲ. ದ್ವೀಪದ ಬಾವಿಯೆಲ್ಲ ಉಪ್ಪಾದಾಗ ಒಬ್ಬ ಹೆಂಗಸು ಬೇರೆ ದ್ವೀಪದಿಂದ ಬಾಯಿ ತುಂಬ ಸಿಹಿನೀರು ಹಿಡಿದು ದೋಣಿಯಲ್ಲಿ ಬರುವ ಭಾಗವದು. ಏಳು ದಿನದ ದಾರಿ. ಮಾತಾಡಿದರೆ ನೀರು ಹೋಯಿತು. ದೋಣಿಯಲ್ಲಿದ್ದ ಮಗು ಅಮ್ಮಾ ಅಮ್ಮಾ ಎಂದು ಅಳುತ್ತದೆ, ಅವಳು ಓಗೊಡುವಂತಿಲ್ಲ. ತೆಬಾವು ಕೆನ್ನೆ ಉಬ್ಬಿಸಿಕೊಂಡು, ತಲೆಯಾಡಿಸಿಯೇ ಇಲ್ಲ ಇಲ್ಲ ಎನ್ನುತ್ತ ಆ ಮಗುವನ್ನು ನೋಡಿದ ನೋಟಕ್ಕೆ ತಾವು ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟಿರಿ. ಆಯಾ ದಿನದ ಕಥೆಯ ಸಾರವನ್ನು ತೆಬಾವು ಊಟದ ಹೊತ್ತಿಗೇ ಹರಕು ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದ ಕಾರಣ, ಅರ್ಜಿದಾರನು ಪಿಸುದನಿಯಲ್ಲಿ ಅರ್ಥ ಹೇಳುತ್ತಿದ್ದನು. ತಡೆಯಲಾರದೆ ತಾವು, "ಆ ಹೆಂಗಸು ಬಾಯಿ ಬಿಟ್ಟಳಾ ಇಲ್ವಾ? ಬೇಗ ಹೇಳು ಮಾರಾಯ!" ಎಂದು ಕೂಗಿದಿರಿ. ಸರಿಯಾಗಿ ಅದೇ ಕ್ಷಣದಲ್ಲಿ ಅವಳು ದಡ ಮುಟ್ಟಿ ಮರಳಿನಲ್ಲಿ ನೀರು ಉಗುಳಿದಳು. ಅಲ್ಲಿ ಸಿಹಿನೀರಿನ ಬಾವಿ ಎದ್ದಿತು. ತಾವು ಕಣ್ಣೊರೆಸಿಕೊಂಡದ್ದು ಎ.ಸಿ. ಗಾಳಿಯಿಂದ ಎಂದು ಅರ್ಜಿದಾರನು ಭಾವಿಸಿರುತ್ತಾನೆ. ಮರುದಿನದಿಂದ ಆ ರೂಮಿಗೆ ತಮ್ಮ ಮನೆಯಿಂದ ಶುಂಠಿ ಕಷಾಯ ಬರುತ್ತಿದ್ದುದನ್ನೂ ಯಾರಿಗೂ ಹೇಳಿಲ್ಲ.

8. ಆಗಸ್ಟ್ ಹದಿನಾಲ್ಕಕ್ಕೆ ಮಸ್ಕತ್ತಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ತೆಬಾವು ಊರು ಸೇರಿದ್ದಾನೆ. ಅಲ್ಲಿ ಪ್ರತಿ ಭಾನುವಾರ ಚರ್ಚಿನಿಂದ ಬಂದ ಮೇಲೆ ಇಡೀ ಊರು ಮೈಕಲ್ ಕಳಿಸಿದ ರೆಕಾರ್ಡಿಂಗಿನ ಸುತ್ತ ಕೂರುತ್ತದಂತೆ. ಮಕ್ಕಳು ಗಲಾಟೆ ಮಾಡಿದರೆ ತೆಬಾವು ಚಿಟಿಕೆ ಹೊಡೆದು ಗದರುತ್ತಾನಂತೆ. ಹನ್ನೊಂದು ರೆಕಾರ್ಡಿಂಗ್ ಆಗಿವೆ. ಹನ್ನೆರಡನೆಯದು ಹೋಗಿಲ್ಲ.

9. ಅದಕ್ಕೆ ಕಾರಣ ತಾವು. ವಿಶ್ವವಿದ್ಯಾಲಯದ ನಿಯಮದಂತೆ, ಯಾರ ಸ್ವರ ಕೇಳಿಸುತ್ತದೆಯೋ ಅವರೆಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ಇಲ್ಲದಿದ್ದರೆ ಆ ಭಾಗವನ್ನು ಕತ್ತರಿಸಬೇಕು. ಹಕೀಂ ಸಹಿ ಮಾಡಿದ್ದಾನೆ. ತಮ್ಮ ಕೂಗನ್ನು ಕತ್ತರಿಸಿದರೆ ನೀರು ಉಗುಳಿದ ಮಾತೂ, ಬಾವಿಯೂ ಅದರೊಂದಿಗೇ ಹೋಗುತ್ತವೆ. ಮತ್ತೊಮ್ಮೆ ಹೇಳಿಸಲು ಈಗ ಸ್ವರವಿಲ್ಲ. ಅರ್ಜಿದಾರನು ಎರಡು ಸಲ ಪತ್ರ ಹಿಡಿದು ಬಂದಾಗ, "ನಾನು ಅಳುಬುರುಕನ ಹಾಗೆ ಬೊಬ್ಬೆ ಹಾಕಿದ್ದನ್ನು ಊರಿಡೀ ಕೇಳಿಸ್ಬೇಕಾ?" ಎಂದು ತಾವು ಫೈಲಿನ ಅಡಿಗೆ ತಳ್ಳಿದ್ದೀರಿ.

ಆದ್ದರಿಂದ ಮೇಲ್ಕಂಡ ಎಲ್ಲ ಕಾರಣಗಳಿಂದ, ಹದಿನೆಂಟು ಮಧ್ಯಾಹ್ನಗಳನ್ನು ಅರ್ಜಿದಾರನ ವಾರ್ಷಿಕ ರಜೆಯಿಂದ ಕಳೆದುಕೊಳ್ಳಬಹುದು, ಬೇಕಿದ್ದರೆ ಕೀಲಿಕೈಯನ್ನೂ ಹಿಂದಕ್ಕೆ ಪಡೆಯಬಹುದು, ತಕರಾರಿಲ್ಲ. ಆದರೆ ಸದರಿ ಹೆಂಗಸು ಕಳೆದ ಮೂರು ಭಾನುವಾರದಿಂದ ನಾನೂರು ಜನರ ಎದುರು ಬಾಯಿ ತುಂಬ ನೀರು ಹಿಡಿದು ನಡುಕಡಲಲ್ಲಿ ನಿಂತಿದ್ದಾಳೆ. ತಾವು ದಯಮಾಡಿ ಈ ಗುರುವಾರದೊಳಗೆ ಸಹಿ ಮಾಡಿ ಅವಳನ್ನು ದಡ ಸೇರಿಸಬೇಕಾಗಿ ಕೋರಿಕೆ.

ನೌಕರಿ ಉಳಿದಿರುವವರೆಗೆ ತಮ್ಮ ವಿಶ್ವಾಸಿ,
ನಂದನ್ ಕೋಟ್ಯಾನ್
ಸಲಾಲಾ, 17 ಡಿಸೆಂಬರ್

ಲಗತ್ತುಗಳು:
1) ಒಪ್ಪಿಗೆ ಪತ್ರ, ಮೂರನೇ ಪ್ರತಿ.
2) ಕ್ಯಾಪ್ ತೆರೆದಿಟ್ಟ ನೀಲಿ ಪೆನ್ನು, ಒಂದು.

ವಿ.ಸೂ.: ಸಹಿಯ ಜಾಗದಲ್ಲಿ ಕಂಪನಿಯ ಸೀಲು ಒತ್ತಿದರೆ ನಡೆಯುವುದಿಲ್ಲ.