ಸಂತನ ಕಾಯಿ, ಚಿಕ್ಕಮ್ಮನ ಕಾಫಿ

ಹೇಝಲ್‌ನಟ್ಟಿಗೆ ಫಿಲ್ಬರ್ಟ್ ಎಂಬ ಇನ್ನೊಂದು ಹೆಸರು ಬಂದದ್ದು ಫಿಲಿಬರ್ಟ್ ಎಂಬ ಸಂತನಿಂದ, ಆಗಸ್ಟಿನಲ್ಲಿ ಅವನ ಹಬ್ಬದ ಹೊತ್ತಿಗೆ ಈ ಕಾಯಿ ಬಲಿಯುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ. ಆ ತಿಂಗಳಲ್ಲಿ ಬಲಿಯುವುದು ಇದೊಂದೇ ಕಾಯಿಯೇ? ಇನ್ನು ಕೆಲವರು, ಕಾಯಿಯನ್ನು ಗಡ್ಡದಂತೆ ಮುಚ್ಚಿರುವ ಸಿಪ್ಪೆ ನೋಡಿ, ‘ತುಂಬುಗಡ್ಡ’ ಎಂಬರ್ಥದ ಜರ್ಮನ್ ಮಾತಿನಿಂದ ಹೆಸರು ಬಂತು ಎನ್ನುತ್ತಾರೆ. ಸಾಕ್ಷಿ ಕೊಡಿ ಎಂದರೆ ಎರಡೂ ಪಕ್ಷದವರು ಕೆಮ್ಮುತ್ತಾರೆ. ಇದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಅಂಟಿದ ರೋಗ. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದರೂ ಆಧಾರ ಕೇಳುತ್ತೇನೆ.

ಆ ಕಾಯಿ ನಮ್ಮೂರು ಜಾವಳಿಗೆ ಬಂದದ್ದು ಗಿರಿಜ ಚಿಕ್ಕಮ್ಮನ ಕಾಫಿಪುಡಿಯ ಲೇಬಲ್ ಹತ್ತಿ. ಇಷ್ಟು ವರ್ಷ ಬೆಳೆಯನ್ನು ಮೂಟೆಯಲ್ಲೇ ಮಾರಿದ ಚಿಕ್ಕಮ್ಮ, ಈ ಸಲ ತಾವೇ ಹುರಿದು, ಪುಡಿ ಮಾಡಿ, ತಮ್ಮ ಹೆಸರಿನಲ್ಲೇ ಹೊರನಾಡಿನ ದೇವಸ್ಥಾನದ ಬೀದಿಯ ಅಂಗಡಿಗೆ ಕೊಡಲು ಹೊರಟಿದ್ದರು. ರುಚಿ ಹೇಗಿದೆಯೆಂದು ಪ್ಯಾಕೆಟ್ ಮೇಲೆ ಇರಲೇಬೇಕು ಎಂದರು ಅಂಗಡಿಯವರು. ಚಿಕ್ಕಮಗಳೂರಿನಲ್ಲಿ ಕಾಫಿಯ ರುಚಿ ನೋಡಿ ಹೇಳುವವರೊಬ್ಬರು ಒಂದು ಚಮಚ ಹೀರಿ, ‘ಹೇಝಲ್‌ನಟ್’ ಎಂದರು. ಲೇಬಲ್ ಬರೆಯುವ ಕೆಲಸ ಹೊತ್ತಿದ್ದ ನಾನು ಹಾಗೆಯೇ ಬರೆದೆ.

“ನಾ ತಿನ್ನದ ಕಾಯಿ ಹೆಸ್ರು ನನ್ನ ಪ್ಯಾಕೆಟ್ ಮೇಲೆ! ಗಿರಾಕಿ ಕೇಳಿದ್ರೆ ಏನ್ ಹೇಳ್ಲಿ ಮಾರಾಯ್ತಿ?” ಎಂದರು ಚಿಕ್ಕಮ್ಮ.

ಪೇಟೆಯಿಂದ ಒಂದು ಪೊಟ್ಟಣ ಹೇಝಲ್‌ನಟ್ ತಂದುಕೊಟ್ಟೆ. ಚಿಕ್ಕಮ್ಮ ಕಣ್ಣು ಮುಚ್ಚಿ ಅಗಿಯುತ್ತಿದ್ದಾಗ ಸಂತನ ಕಥೆಯನ್ನೂ ಗಡ್ಡದ ಕಥೆಯನ್ನೂ ಹೇಳಿ, ಎರಡನ್ನೂ ಖಂಡಿಸಿದೆ.

“ಅದಿರ್ಲಿ. ಮರದ ಬುಡದಲ್ಲಿ ಬಗ್ಗಿ ಇದನ್ನ ಆರಿಸ್ತಿದ್ದ ಹೆಂಗಸ್ರು ಏನಂತಿದ್ರು?”

ಗೊತ್ತಿರಲಿಲ್ಲ. ನಾನು ಓದಿದ ಯಾರೂ ಅವರನ್ನು ಕೇಳಿದಂತೆ ಕಾಣಲಿಲ್ಲ. ಆರಿಸಿದವರ ಮಾತು ಬುಟ್ಟಿಯಲ್ಲೇ ಉಳಿದು, ಕೊಂಡವರ ಮಾತು ಪುಸ್ತಕ ಸೇರಿತೇನೋ. ಇಷ್ಟು ಒಳ್ಳೆಯ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆಕಿಚ್ಚಾಯಿತು.

“ಕಾಯಿ ಚೆನ್ನಾಗೇ ಇದೆ. ಆದ್ರೆ ನನ್ನ ಕಾಫೀಲಿರೋದು ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ರುಚಿ. ಹಂಗೇ ಬರಿ.”

“ಹಲಸಿನ ಬೀಜ ಅಂದ್ರೆ ಹೊರನಾಡಿಗೆ ಬರೋ ಪ್ರವಾಸಿಗಳು ಮುಟ್ಟೋದಿಲ್ಲ ಚಿಕ್ಕಮ್ಮ!” ಎಂದು ಶುರು ಮಾಡಿದೆ. ಪರಿಣತರ ನಾಲಿಗೆ, ಪೇಟೆಯ ಅಭಿರುಚಿ, ಅಂಗಡಿಯವರ ಅನುಭವ ಎಂದು ಒಂದೊಂದೇ ಬೆರಳು ಮಡಚುತ್ತ ಹೋದೆ. ಚಿಕ್ಕಮ್ಮ ಒಮ್ಮೆಯೂ ಅಡ್ಡ ಮಾತಾಡಲಿಲ್ಲ. ಗೆದ್ದೆ ಎಂದುಕೊಂಡೆ.

ಕೊನೆಯ ಬೆರಳು ಮಡಚಿದ ಮೇಲೆ ಅವರು ಲೇಬಲ್ ಹಾಳೆಯನ್ನು ನನ್ನ ಕಡೆಗೆ ಸರಿಸಿದರು.

“ಎಲ್ಲಾ ಸರಿ. ಇದನ್ನ ಬರೆಯೋಕ್ ಮುಂಚೆ ನೀನು ನನ್ನ ಕಾಫಿನ ಒಂದ್ ಗುಟುಕಾದ್ರೂ ಕುಡಿದಿದ್ಯೇನೆ?”