ಸಿಮೆಂಟ್ ಹಾಕಬಾರದ ಗೋಡೆ

ನರಿಮೊಗರಿನ ನಮ್ಮ ಮೇಸ್ತ್ರಿಗೆ ಒಂದು ಅಭ್ಯಾಸ. ಯಾವ ಗೋಡೆ ಕಂಡರೂ, ಹಲಸಿನಕಾಯಿ ಬಲಿತಿದೆಯಾ ಎಂದು ನೋಡುವ ಹಾಗೆ, ಎರಡು ಸಲ ಬಡಿದು ಕಿವಿಯಿಡುತ್ತಾರೆ. ತಾನು ಕಟ್ಟಿದ್ದಾದರೆ ತಲೆಯಾಡಿಸುತ್ತಾರೆ. ಬೇರೆಯವರದ್ದಾದರೆ "ಹ್ಮ್", ಅಷ್ಟೇ. ಅವರ ಜೊತೆ ಕೆಲಸ ಮಾಡುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

೧. ಕಿಂಡಿ

ಪುತ್ತೂರಿನ ನಮ್ಮ ಆಸ್ಪತ್ರೆಗೆ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ ಬಂತು. ಅದನ್ನು ಒಳಗೆ ತರಲಿಕ್ಕೆ ಕಾಂಕ್ರೀಟ್ ಗೋಡೆಯಲ್ಲಿ ದೊಡ್ಡ ಕಿಂಡಿ ಬಿಟ್ಟಿದ್ದರು. ರೋಗಿ ಮಲಗುವ ಮಂಚ ಬರಲು ಇನ್ನೂ ಒಂದು ತಿಂಗಳು. ಜನ ಓಡಾಡುವ ಬಾಗಿಲಲ್ಲಿ ಅದು ಹಿಡಿಯುವುದಿಲ್ಲ, ಅದಕ್ಕೂ ಕಿಂಡಿಯೇ ದಾರಿ. ಅಷ್ಟರೊಳಗೆ ಯಂತ್ರದ ಪರೀಕ್ಷೆ ಆಗಬೇಕು, ವಿಕಿರಣ ಹೊರಗೆ ಬರಬಾರದು. ಕಿಂಡಿ ಮುಚ್ಚುವ ತಾತ್ಕಾಲಿಕ ಗೋಡೆಯ ವಿನ್ಯಾಸ, ಆಸ್ಪತ್ರೆಯ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ನನ್ನ ಪಾಲಿಗೆ ಬಂತು. ನನ್ನ ಮೊದಲನೆಯದು.

"ಕಾಂಕ್ರೀಟ್ ಬ್ಲಾಕ್ ಎರಡು ಸಾಲು. ಒಂದು ಸಾಲಿನ ಸಂದಿಗೆ ಇನ್ನೊಂದರ ಬ್ಲಾಕ್ ಅಡ್ಡ ಬರಬೇಕು. ಸಿಮೆಂಟ್ ಬೇಡ," ಎಂದೆ, ನಕ್ಷೆಯಿಂದ ಕಣ್ಣೆತ್ತದೆ.

"ಸಿಮೆಂಟ್ ಇಲ್ಲದೆ ಎಂತ ಗೋಡೆ ಮೇಡಂ? ಊರಲ್ಲಿ ನನಗೆ ಮರ್ಯಾದೆ ಉಂಟು."

"ಒಂದು ತಿಂಗಳಿಗೆ ಮಾತ್ರ, ಆಮೇಲೆ ಬಿಚ್ಚಬೇಕು."

"ತಿಂಗಳ ಲೆಕ್ಕದಲ್ಲಿ ಮರ್ಯಾದೆ ಕೊಡುದು ಯಾರು?"

೨. ಮೀಟರ್

ಪರೀಕ್ಷೆಯ ದಿನ ವಿಕಿರಣ ಅಳೆಯುವ ಮೀಟರ್ ಹಿಡಿದು ಹೊರಗಿನಿಂದ ಸಂದಿ ಸಂದಿ ನೋಡಿದೆ. ಸಂದಿಗಳಲ್ಲಿ ಚೂರು ಸೋರಬಹುದು ಎಂದು ಮೊದಲೇ ಲೆಕ್ಕ ಹಾಕಿದ್ದೆ. ಅದೂ ಇಲ್ಲ. ನನ್ನ ವಿನ್ಯಾಸ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ ಎಂದು ಒಳಗೊಳಗೇ ಬೀಗಿ ವರದಿಗೆ ಸಹಿ ಹಾಕಿದೆ.

ಮೇಸ್ತ್ರಿ ಎರಡು ಸಲ ಬಡಿದು ತಲೆಯಾಡಿಸಿದರು. "ನನಗೆ ಮೊನ್ನೆಯೇ ಗೊತ್ತಿತ್ತು. ನಿಮ್ಮ ಮೀಟರ್ ಸ್ವಲ್ಪ ನಿಧಾನ."

೩. ಮಂಚ

ಮಂಚ ಹೊತ್ತ ಲಾರಿ ಬಂದು ಅಂಗಳದಲ್ಲಿ ನಿಂತಿತು. ಕಡಬ, ಸುಳ್ಯ ಕಡೆಯಿಂದ ದಿನಾ ಮಂಗಳೂರಿಗೆ ಹೋಗಿಬರುತ್ತಿದ್ದ ರೋಗಿಗಳಿಗೆ, ಇನ್ನು ಇಲ್ಲಿಗೇ ಬನ್ನಿ ಎಂದು ಡಾಕ್ಟರು ದಿನ ಕೊಟ್ಟೂ ಆಗಿತ್ತು. ಗೋಡೆ ಬಿಚ್ಚಲು ಹೊರಟಾಗ ಹೊರಗಿನ ಸಾಲು ಸಲೀಸಾಗಿ ಬಂತು. ಒಳಗಿನದ್ದು ಹಾರೆ ಹಾಕಿ ಮೀಟಿದರೂ ಅಲುಗಲಿಲ್ಲ.

"ಮೇಸ್ತ್ರಿ, ಒಳಗೆ ಸಿಮೆಂಟ್ ಹಾಕಿದ್ದೀರಾ?"

"ಸ್ವಲ್ಪ. ನಿಮಗೆ ಬೇಜಾರಾಗುದು ಬೇಡ ಅಂತ ಹೊರಗಿನ ಸಾಲಿಗೆ ಹಾಕಲಿಲ್ಲ."

ಈ ಸಲ ಕಣ್ಣೆತ್ತಿಯೇ ಹೇಳಿದೆ, "ಒಡೆಯಿರಿ."

ಮೇಸ್ತ್ರಿ ತನ್ನ ಗೋಡೆಗೆ ಎರಡು ಸಲ ಬಡಿದು, ಕಿವಿಯಿಟ್ಟು, ತಲೆಯಾಡಿಸಿದರು. ಮತ್ತೆ ಪಕ್ಕದಲ್ಲಿದ್ದ ಆಳುದ್ದ ದಪ್ಪದ ಕಾಂಕ್ರೀಟ್ ಗೋಡೆಗೆ, ಯಂತ್ರದ ವಿಕಿರಣ ತಡೆಯುವ ಆಸ್ಪತ್ರೆಯ ಮುಖ್ಯ ಗೋಡೆಗೆ, ಬಡಿದು ನೋಡಿದರು.

"ಹ್ಮ್."

ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು: "ಮೇಡಂ, ನನ್ನದನ್ನು ಹಾಗೇ ಬಿಡುವ. ಇದನ್ನು ಒಡೆದು ದಾರಿ ಮಾಡಿ ಕೊಡ್ತೇನೆ. ಹೇಗೂ ಬೇರೆಯವರು ಕಟ್ಟಿದ್ದು. ಆಗದಾ?"