ಪರಸ್ತಾನ ಇಟ್ಟ ಬ್ಯಾಗು

ಚನ್ನಗಿರಿಯ ಗಡಿಯಾರ ರಿಪೇರಿ ಪಾಪಣ್ಣ ಒಂದು ತಿಂಗಳಿಂದ ಕಂಡಕಂಡವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದ: ಬೆಂಗಳೂರಿನಿಂದ ದಿಲ್ಲಿಗೆ ವಿಮಾನದಲ್ಲಿ ಸಾವಿರದ ಏಳುನೂರು ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ. ದಿಲ್ಲಿಯಲ್ಲಿ ಬುಧವಾರ ಬೆಳಿಗ್ಗೆ ತಂಗಿ ಅನಿತಾಳ ಮಗಳ ಮದುವೆ. ಸೋದರಮಾವ ಕೊಟ್ಟ ಸೀರೆ ಉಡದೆ ಹುಡುಗಿ ಮಣೆ ಏರುವಂತಿಲ್ಲ. ಮಂಗಳವಾರ ಸಂಜೆ ಆರಕ್ಕೆ ಪಾಪಣ್ಣನ ವಿಮಾನ, ಹುಟ್ಟಿದ ಮೇಲೆ ಮೊದಲನೆಯದು.

ಅಡ್ಡಗಾಲು ಹಾಕಿದ್ದು ಎದುರುಮನೆ ಸಣ್ಣಪ್ಪನ ಪಂಚಾಂಗ.

“ಮಂಗಳವಾರ ಬಡಗಲಿಗೆ ಶೂಲೆ ಐತೆ. ಹೋಗಬಾರ್ದು.”

“ನಾನು ಮೊದ್ಲು ಹೋಗಾದು ಬೆಂಗಳೂರಿಗೆ ಕಣ್ರೀ, ತೆಂಕಲಿಗೆ!”

“ವಿಮಾನ ಹತ್ತಿದ ಮ್ಯಾಲೆ? ಸುಮ್ನೆ ಸೋಮವಾರಾನೇ ಪಕ್ಕದ ಮನ್ಯಾಗೆ ಪರಸ್ತಾನ ಇಡು. ಬ್ಯಾಗು ಒಳ್ಳೆ ಗಳಿಗ್ಯಾಗೆ ಹೊಂಟ್ರೆ ನೀನೇ ಹೊಂಟಂಗೆ.”

ಸೀರೆ, ಲಗ್ನಪತ್ರಿಕೆ, ಟಿಕೆಟ್ಟು, ಆಧಾರ್ ಕಾರ್ಡು ತುಂಬಿದ ನೀಲಿ ಬ್ಯಾಗು ಸೋಮವಾರ ಸಂಜೆ ಪಕ್ಕದ ಮನೆ ಕೊಟ್ರಮ್ಮನ ಪಡಸಾಲೆ ಸೇರಿತು. “ನಮ್ಮ ಅಳಿಯನ ಬ್ಯಾಗಿನ ಪಕ್ಕ ಇಡ್ರಿ,” ಅಂದಳು ಆಕೆ.

ಮಂಗಳವಾರ ಹತ್ತಕ್ಕೆ ಟ್ಯಾಕ್ಸಿ ಬಂತು. ಕೊಟ್ರಮ್ಮನ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. ಫೋನ್ ಮಾಡಿದರೆ ಒಳಗೇ ರಿಂಗಾಯಿತು.

“ಹೊನ್ನಾಳಿಗೆ, ಅಕ್ಕನ ಮನೀಗೆ ಹೋದ್ಲಲ್ಲ,” ಎಂದ ಸಣ್ಣಪ್ಪ.

“ಬೀಗ ಒಡೀತೀನಿ!”

“ಹೆಣ್ಣುಮಗಳ ಮನೆ ಬೀಗ ಒಡ್ದು ಮದುವೆಗೆ ಹೋಗ್ತೀಯಾ?”

ಬೆಂಗಳೂರಿಗೆ ಹೋಗಬೇಕಿದ್ದ ಟ್ಯಾಕ್ಸಿ ಹೊನ್ನಾಳಿಗೆ ತಿರುಗಿತು. ಅಲ್ಲಿ ಕೊಟ್ರಮ್ಮನ ಅಕ್ಕ, “ಈಗ್ಲೇ ನ್ಯಾಮತಿಗೆ ಹೋದ್ಲು, ನನ್ನ ಮಗಳ ಮನೀಗೆ. ಕಾಫಿ ಕುಡೀರಿ,” ಎಂದಳು. ನ್ಯಾಮತಿಯಲ್ಲಿ ಕೊಟ್ರಮ್ಮ ಹೋಳಿಗೆ ತಟ್ಟುತ್ತ ಕುಳಿತಿದ್ದಳು.

“ಅಯ್ಯೋ, ಪರಸ್ತಾನ ಅಂದ್ರೆ ಮೂರು ದಿನ ಇರ್ತೈತೆ ಅಂದ್ಕಂಡಿದ್ದೆ! ಬಂದೋರು ಉಂಡೇ ಹೋಗ್ಬೇಕು.”

ಎರಡು ಹೋಳಿಗೆ ಗಂಟಲಿಳಿಯುವ ತನಕ ಬೀಗದ ಕೈ ಅವಳ ಸೊಂಟ ಬಿಡಲಿಲ್ಲ. ವಾಪಸು ಬರುವಾಗ ಟ್ಯಾಕ್ಸಿ ಪಂಚರ್ ಆಯಿತು. ಪಾಪಣ್ಣ ಬೀಗ ತೆಗೆದಾಗ ಮೂರೂವರೆ; ಬೆಂಗಳೂರು ಇನ್ನೂ ಐದು ಗಂಟೆ ದಾರಿ.

ಪಡಸಾಲೆಯಲ್ಲಿ ನೀಲಿ ಬ್ಯಾಗೇನೋ ಇತ್ತು. ತೆರೆದರೆ ಒಳಗೆ ಚಟ್ನಿಪುಡಿ, ಖಡಕ್ ರೊಟ್ಟಿ. ಅವನು ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದ. ಅಷ್ಟರಲ್ಲಿ ದಿಲ್ಲಿಯಿಂದ ಅನಿತಾಳ ಫೋನು.

“ಅಣ್ಣಾ, ನಿನ್ನ ಬ್ಯಾಗು ಬಂತು! ಇಲ್ಲೇ ದಿಲ್ಲ್ಯಾಗೆ ಕೆಲ್ಸದಾಗಿರೋ ಕೊಟ್ರಮ್ಮನ ಅಳಿಯ ಸತೀಶ್ ಕುಮಾರ್ ನಸುಕಿನಾಗೇ ಊರು ಬಿಟ್ಟು ವಿಮಾನದಾಗೆ ಬಂದ್ರಂತೆ. ಅತ್ತೆ ಕೊಟ್ಟ ಚಟ್ನಿಪುಡಿ ಅಂತ ನಿನ್ನ ಬ್ಯಾಗೇ ತಂದಾರೆ. ಒಳಗಿದ್ದ ಲಗ್ನಪತ್ರಿಕೆ ನೋಡಿ ಮನೀಗೇ ತಂದುಕೊಟ್ರು. ಸೀರೆ ಭಾಳ ಚೆನ್ನಾಗೈತೆ. ಅಂದಂಗೆ, ನೀನೆಲ್ಲಿದ್ದೀ?”

ಎತ್ತಿ ಆಡಿಸಿದ ಕೂಸಿನ ಮದುವೆ. ಪಾಪಣ್ಣನಿಗೆ ಅಳು ಒತ್ತರಿಸಿ ಬಂತು. “ಕೊಟ್ರಮ್ಮನ ಪಡಸಾಲ್ಯಾಗೆ ಅದೀನವ್ವಾ,” ಎಂದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಸಣ್ಣಪ್ಪನ ಮುಖ ಅರಳಿತು.

“ನಾನು ಹೇಳಿರ್ಲಿಲ್ವಾ? ಒಳ್ಳೆ ಗಳಿಗ್ಯಾಗೆ ಹೊಂಟಿದ್ದು ಬ್ಯಾಗು. ನೆಟ್ಟಗೆ ಮುಟ್ತು ನೋಡು! ವಿಮಾನದಾಗೆ ಎಷ್ಟೊತ್ತು ಹಿಡೀತಂತೆ?”

ಪಾಪಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ತಿಂಗಳಿಡೀ ಒಪ್ಪಿಸಿದ ಪಾಠ, ಬಾಯಿ ತಾನಾಗಿಯೇ ಹೇಳಿತು.

“ಎರಡೂಮುಕ್ಕಾಲು ಗಂಟೆ.”